ಬೇಲಿಗೆ ಹೊಳಪು ಬೇಡ, ಎಣ್ಣೆ ಕುಡಿಸಿ

ಮಾನ್ಯ ಸಂಪಾದಕರೇ,

ನಿಮ್ಮ ಕೃಷಿ ಪುಟದಲ್ಲಿ ಮೊನ್ನೆ ಮರದ ಬೇಲಿಗೆ ಬಣ್ಣ ಹೊಡೆಯುವ ಬಗ್ಗೆ ಲೇಖನ ಬಂದಿತ್ತು. ಒಳ್ಳೆ ಹೊಳಪಿನ ಎನಾಮೆಲ್ ತನ್ನಿ, ಸ್ಪ್ರೇ ಯಂತ್ರದಲ್ಲಿ ಎರಡು ಕೋಟ್ ಹೊಡೆಯಿರಿ, ಒಂದೇ ದಿನಕ್ಕೆ ಕೆಲಸ ಮುಗಿಯುತ್ತದೆ, ಇನ್ನು ಹತ್ತು ವರ್ಷ ಬೇಲಿ ಕಡೆ ತಿರುಗಿ ನೋಡಬೇಕಿಲ್ಲ ಅನ್ನುವ ಅರ್ಥದಲ್ಲಿ ಬರೆದಿದ್ದರು. ಓದುತ್ತಾ ನಗು ಬಂತು. ನಗು ನಿಂತ ಮೇಲೆ ಸಿಟ್ಟೂ ಬಂತು. ಯಾಕಂದ್ರೆ ಬಣ್ಣದ ಅಂಗಡಿಯಲ್ಲಿ ಇದೇ ಮಾತು ಕೇಳಿ, ನಂಬಿ, ನಾನು ಎರಡು ಬೇಸಿಗೆ ಹಾಳು ಮಾಡಿಕೊಂಡಿದ್ದೇನೆ.

ನನ್ನದು 600 ಅಡಿ ಉದ್ದದ ಬೇಲಿ. ಎಂಟು ಅಡಿಗೊಂದು ಕಂಬ, ಕಂಬದಿಂದ ಕಂಬಕ್ಕೆ ಮೂರು ಅಡ್ಡಹಲಗೆ. ಹಲಗೆ ಆರು ಇಂಚು ಅಗಲ, ಒಂದು ಇಂಚು ದಪ್ಪ, ಗರಗಸದಿಂದ ಬಂದ ಹಾಗೇ ಒರಟು. ದನ ಒಳಗಿರಬೇಕು, ಬೆಳೆ ಹೊರಗಿರಬೇಕು, ಅಷ್ಟೇ ಅದರ ಕೆಲಸ. ಆದರೂ ಮೊದಲ ಸಲ ಕಟ್ಟಿಸಿದಾಗ ಬಿಳಿ ಬೇಲಿಯೇ ಬೇಕು ಅಂತ ನನಗೆ ಹಟ. ಕ್ಯಾಲೆಂಡರ್ ಚಿತ್ರದಲ್ಲಿ ಇರುತ್ತಲ್ಲ, ಹಸಿರು ಹುಲ್ಲು, ಬಿಳಿ ಬೇಲಿ, ಒಂದು ಕುದುರೆ. ಕುದುರೆ ಅಂತೂ ಇಲ್ಲ, ಬೇಲಿಯಾದರೂ ಇರಲಿ ಅಂತ ನಾನೂ ನನ್ನ ತಮ್ಮನೂ ಸೇರಿ ಬಿಳಿ ಎನಾಮೆಲ್ ಹೊಡೆದೆವು.

ಮೊದಲ ವರ್ಷ ಚೆನ್ನಾಗಿತ್ತು. ನೋಡಿದವರೆಲ್ಲ ಹೊಗಳಿದರು. ಎರಡನೇ ಮಳೆಗಾಲ ಮುಗಿಯುವ ಹೊತ್ತಿಗೆ ಕೆಳಗಿನ ಹಲಗೆಯಲ್ಲಿ ಗುಳ್ಳೆ ಎದ್ದಿತ್ತು, ಸುಟ್ಟ ಗಾಯದ ಬೊಬ್ಬೆ ಥರ. ಉಗುರಿನಿಂದ ಒತ್ತಿದೆ. ಒಡೆದು ನೀರು ಬಂತು. ಕಂದು ಬಣ್ಣದ ನೀರು, ಬೆರಳ ಮೇಲಿಂದ ಇಳಿದು ಮಣಿಕಟ್ಟಿನ ತನಕ ಹರಿಯಿತು. ಸಿಪ್ಪೆ ಹಿಡಿದು ಎಳೆದೆ. ಅಂಗೈ ಅಗಲದ ಬಣ್ಣ ಕೈಗೆ ಬಂತು, ಹಿಂಬದಿಗೆ ಮರದ ನಾರು ಅಂಟಿಕೊಂಡೇ ಇತ್ತು. ಕೆಳಗೆ ಮರ ಬೂದು ತಿರುಗಿ ಮೆತ್ತಗಾಗಿತ್ತು. ಅವತ್ತಿಗೆ ಮಳೆ ನಿಂತು ಹನ್ನೆರಡು ದಿನ ಆಗಿತ್ತು, ಬಿಸಿಲೂ ಚುರುಕಾಗಿತ್ತು. ಬಣ್ಣವೇ ಕಾಣದ ಹಳೆ ಗೇಟಿನ ಹಲಗೆ ಒಣಗಿ ಟಣ್ ಅನ್ನುತ್ತಿತ್ತು. ಬಣ್ಣ ಹೊಡೆಸಿಕೊಂಡದ್ದು ಮಾತ್ರ ಇನ್ನೂ ನೀರು ಹಿಡಿದುಕೊಂಡು ಕೂತಿತ್ತು.

ಬಣ್ಣ ನೀರನ್ನು ಒಳಗೆ ಬಿಡುವುದಿಲ್ಲ ಅಂದುಕೊಂಡಿದ್ದೆ. ಒಳಗೆ ಸೇರಿದ ನೀರನ್ನು ಹೊರಗೂ ಬಿಡುವುದಿಲ್ಲ ಅನ್ನುವುದು ತಲೆಗೆ ಹೊಳೆದಿರಲಿಲ್ಲ. ಮನೆಯ ಒಳಬಾಗಿಲಿಗೆ ಎನಾಮೆಲ್ ನಿಲ್ಲುತ್ತದೆ, ಅದರ ಮೇಲೆ ಸೂರಿದೆ. ಬೇಲಿಗೆ ಸೂರೆಲ್ಲಿ? ಮೊಳೆ ತೂತಿನಿಂದ ನೀರು ಇಳಿಯುತ್ತದೆ. ಹಲಗೆ ಕಂಬಕ್ಕೆ ತಾಗುವ ಸಂದಿಯಲ್ಲಿ ನಿಲ್ಲುತ್ತದೆ. ಕಂಬದ ಬುಡದಲ್ಲಿ ಮಣ್ಣಿನಿಂದ ಏರುತ್ತದೆ. ಮರ ತೇವಕ್ಕೆ ಹಿಗ್ಗಿ ಬಿಸಿಲಿಗೆ ಕುಗ್ಗುತ್ತದೆ, ಎನಾಮೆಲ್ ಹಳೆಯದಾದಷ್ಟೂ ಗಡುಸಾಗುತ್ತದೆ. ಇಬ್ಬರಿಗೂ ಹೊಂದಾಣಿಕೆ ಇಲ್ಲ. ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಸಾಕು, ಅಲ್ಲಿಂದ ನೀರು ಒಳಗೆ. ಬಿಸಿಲು ಬಿದ್ದಾಗ ಅದೇ ನೀರು ಆವಿಯಾಗಿ ಹೊರಗೆ ಬರಲು ನೋಡುತ್ತದೆ, ಬಣ್ಣವನ್ನೇ ಎತ್ತಿ ಒಗೆಯುತ್ತದೆ. ಮರದಲ್ಲಿ ತೇವ ಶೇಕಡಾ 20ಕ್ಕಿಂತ ಕೆಳಗಿದ್ದರೆ ಅದನ್ನು ಕೊಳೆಸುವ ಶಿಲೀಂಧ್ರ ಬೆಳೆಯುವುದಿಲ್ಲ. ಬೇಲಿ ಮಳೆಗೆ ನೆನೆಯಲಿ ಬಿಡಿ. ಬೇಗ ಒಣಗುವ ದಾರಿ ಇಟ್ಟರೆ ಆಯ್ತು.

ಅದಕ್ಕೇ ಹೊಲದ ಬೇಲಿಗೆ ಪದರ ಕಟ್ಟುವ ಬಣ್ಣ ಬೇಡ, ಮರದೊಳಗೆ ಇಳಿಯುವಂಥದ್ದು ತನ್ನಿ ಅಂತ ನಾನು ಹೇಳುವುದು. ಅಂಗಡಿಯಲ್ಲಿ ವುಡ್ ಸ್ಟೇನ್ ಅಂತ ಕೇಳಿ, ಹೊರಾಂಗಣಕ್ಕೆ ಅಂತ ಒತ್ತಿ ಹೇಳಿ. ಎಣ್ಣೆ, ಬಣ್ಣದ ಪುಡಿ, ನೀರು ಜಾರಿಸಲು ಸ್ವಲ್ಪ ಮೇಣ, ಬೂಷ್ಟು ತಡೆಯುವ ಔಷಧಿ, ಇಷ್ಟು ಸಾಮಾನ್ಯವಾಗಿ ಇರುತ್ತದೆ. ಸೆಮಿ ಟ್ರಾನ್ಸ್‌ಪರೆಂಟ್ ಅನ್ನುವುದರಲ್ಲಿ ಮರದ ಎಳೆ ಕಾಣುತ್ತದೆ. ನನ್ನ ಬೇಲಿಗೆ ಈಗ ಇರುವುದು ಅದೇ, ಕಂದು ಬಣ್ಣದ್ದು. ಬಣ್ಣದ ಪುಡಿಯೇ ಇಲ್ಲದ ಕ್ಲಿಯರ್ ನೋಡಲು ಚೆಂದ, ಬಾಳಿಕೆ ಕಡಿಮೆ. ಮರದ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಅನ್ನುವ ಅಂಟನ್ನು ಬಿಸಿಲಿನ ನೇರಳಾತೀತ ಕಿರಣ ತಿನ್ನುತ್ತದೆ. ಬಣ್ಣದ ಪುಡಿ ಇದ್ದರೆ ಅದೇ ಕೊಡೆ. ಸಾಲಿಡ್ ಸ್ಟೇನ್ ಅಂತ ಇನ್ನೊಂದು ಕೊಡುತ್ತಾರೆ, ಹೆಸರು ಸ್ಟೇನ್ ಆದರೂ ಅದು ತೆಳು ಬಣ್ಣವೇ, ಪದರ ಕಟ್ಟುತ್ತದೆ.

ಸ್ಟೇನ್ ಹತ್ತು ವರ್ಷ ಬರುವುದಿಲ್ಲ, ಸುಳ್ಳು ಹೇಳಲ್ಲ. ನನಗೆ ಮೂರು ವರ್ಷಕ್ಕೊಮ್ಮೆ ಕೆಲಸ ಬೀಳುತ್ತದೆ, ಬಿಸಿಲಿಗೆ ಎದೆಯೊಡ್ಡಿದ ಬದಿಗೆ ಇನ್ನೂ ಬೇಗ. ಆದರೆ ಅದು ಮಾಸುತ್ತದೆ, ಸುಲಿಯುವುದಿಲ್ಲ. ಮೆತ್ತನೆ ಬ್ರಷ್‌ನಲ್ಲಿ ತೊಳೆದು, ಒಣಗಿಸಿ, ಇನ್ನೊಂದು ಕೈ ಕೊಟ್ಟರೆ ಮುಗಿಯಿತು. 600 ಅಡಿ ಬೇಲಿಯ ಸುಲಿದ ಎನಾಮೆಲ್ ಕೆರೆದ ಮೇಲೆ ಮೂರು ವರ್ಷದ ಲೆಕ್ಕ ನನಗೆ ಜಾಸ್ತಿ ಅನ್ನಿಸುವುದಿಲ್ಲ. ಆ ಕೆರೆತದ ಸದ್ದು ಈಗಲೂ ಹಲ್ಲಿಗೆ ಹುಳಿ ತರುತ್ತದೆ.

ಮರವನ್ನು ಉಳಿಸುವುದು ಮೇಲಿನ ಹೊಳಪಲ್ಲ, ಒಳಗೆ ಸೇರಿದ್ದು ಅನ್ನುವುದಕ್ಕೆ ರೈಲು ಹಳಿಯ ಕೆಳಗೆ ಅಡ್ಡ ಹಾಕುವ ಮರದ ದಿಮ್ಮಿ, ಅಂದ್ರೆ ಸ್ಲೀಪರ್ ನೋಡಿ. 1838ರಲ್ಲಿ ಇಂಗ್ಲೆಂಡಿನ ಜಾನ್ ಬೆಥೆಲ್ ಎಂಬಾತ ಕಲ್ಲಿದ್ದಲ ಡಾಂಬರಿನಿಂದ ತೆಗೆದ ಕ್ರಿಯೋಸೋಟ್ ಎಣ್ಣೆಯನ್ನು ಒತ್ತಡ ಹಾಕಿ ಮರದೊಳಗೆ ನುಗ್ಗಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಸ್ಲೀಪರ್‌ಗಳು ಮಣ್ಣಲ್ಲಿ ಬಿದ್ದುಕೊಂಡೂ ಅಷ್ಟು ಕಾಲ ಬಾಳಿದ್ದು ಅದರಿಂದ. ಹಾಗಂತ ಕ್ರಿಯೋಸೋಟ್ ತಂದು ದನದ ಬೇಲಿಗೆ ಬಳಿಯಬೇಡಿ. ಅದು ಕ್ಯಾನ್ಸರ್ ತರುವಂಥ ವಸ್ತು, ಚರ್ಮವನ್ನೂ ಸುಡುತ್ತದೆ. ಇನ್ನು ಸುಟ್ಟ ಇಂಜಿನ್ ಆಯಿಲ್ ಬಳಿಯುವವರು ಎಲ್ಲೆಲ್ಲೂ ಇದ್ದಾರೆ, ಪುಕ್ಕಟೆ ಸಿಗುತ್ತದಲ್ಲ. ಅದರಲ್ಲಿ ಇಂಜಿನ್ನಿನ ಲೋಹದ ಪುಡಿಯೆಲ್ಲ ಇರುತ್ತದೆ. ಮಳೆ ಬಂದಾಗ ಬುಡದ ಮಣ್ಣಿಗೆ ಇಳಿಯುತ್ತದೆ, ದನ ಮೈ ಉಜ್ಜಿ ಆಮೇಲೆ ನೆಕ್ಕಿಕೊಳ್ಳುತ್ತದೆ. ಬರೀ ಅಗಸೆ ಎಣ್ಣೆ ಬಳಿದರೂ ಸಾಕು ಅನ್ನುವವರಿದ್ದಾರೆ. ನಾನೂ ಒಂದು ಕಂಬಕ್ಕೆ ಮಾಡಿ ನೋಡಿದೆ. ಬೂಷ್ಟಿಗೆ ಅಗಸೆ ಎಣ್ಣೆ ಅಂದ್ರೆ ಹಬ್ಬ. ಕಂಬ ಕಪ್ಪಗಾಯಿತು.

ಇಲ್ಲ, ನನಗೆ ಬಿಳಿ ಬೇಲಿಯೇ ಬೇಕು ಅನ್ನುವವರಿಗೆ ಅಡ್ಡ ಬರುವುದಿಲ್ಲ. ಆ ಹಟ ನನಗೂ ಇತ್ತು. ಹಾಗಿದ್ದರೆ ಎನಾಮೆಲ್ ಬಿಟ್ಟು ನೀರಿನ ಅಕ್ರಿಲಿಕ್ ತನ್ನಿ. ಅದು ಮರದ ಜೊತೆ ಸ್ವಲ್ಪ ಹಿಗ್ಗುತ್ತದೆ, ಆವಿಯನ್ನೂ ಒಂದಷ್ಟು ಹೊರಗೆ ಬಿಡುತ್ತದೆ. ಕೆಳಗೆ ಪ್ರೈಮರ್ ಬೇಕೇ ಬೇಕು, ಅದರ ಮೇಲೆ ಎರಡು ವಾರದೊಳಗೆ ಬಣ್ಣ ಬೀಳಬೇಕು. ಗಂಟು ಇರುವ ಕಡೆ ಅರಗಿನ ಪ್ರೈಮರ್ ಹಾಕದಿದ್ದರೆ ಕಂದು ಕಲೆ ಮೇಲೆದ್ದು ಬರುತ್ತದೆ. ಮೊಳೆ ಸತು ಲೇಪಿಸಿದ್ದೇ ಇರಲಿ, ಇಲ್ಲದಿದ್ದರೆ ಪ್ರತಿ ಮೊಳೆಯ ಕೆಳಗೂ ಕಪ್ಪು ಕಣ್ಣೀರು. ಕಪ್ಪು ಬಣ್ಣ ಕೊಳೆ ಕಾಣಿಸುವುದಿಲ್ಲ ನಿಜ, ಆದರೆ ಬಿಸಿಲು ಹೀರಿ ಹಲಗೆ ಬೇಗ ಸೊಟ್ಟಾಗುತ್ತದೆ.

ಲೇಖನದಲ್ಲಿ ಎಷ್ಟು ಲೀಟರ್ ಬೇಕು ಅನ್ನುವ ಲೆಕ್ಕವೇ ಇರಲಿಲ್ಲ. ನಾನು ಎಡವಿದ್ದೂ ಅಲ್ಲೇ. ಸ್ಟೇನ್ ತರುವಾಗ ಮೂರು ಹಲಗೆ, 600 ಅಡಿ, ಅರ್ಧ ಅಡಿ ಅಗಲ, ಒಟ್ಟು 900 ಚದರ ಅಡಿ ಅಂತ ಲೆಕ್ಕ ಹಾಕಿದೆ. ಡಬ್ಬಿಯ ಮೇಲೆ ಲೀಟರಿಗೆ 90 ಚದರ ಅಡಿ ಅಂತಿತ್ತು. ಹತ್ತು ಲೀಟರ್ ಸಾಕು, ಇರಲಿ ಅಂತ ಹನ್ನೆರಡು ತಂದೆ. ಜಾಣೆ! ಹಲಗೆಗೆ ಹಿಂಬದಿಯೂ ಇದೆ, ಮೇಲಿನ ಕೆಳಗಿನ ಅಂಚೂ ಇದೆ, ಜೊತೆಗೆ 76 ಕಂಬಗಳಿವೆ, ಒಂದೊಂದಕ್ಕೂ ನಾಲ್ಕು ಮುಖ. ಎಲ್ಲ ಸೇರಿಸಿದರೆ 2,500 ಚದರ ಅಡಿ ದಾಟುತ್ತದೆ. ಅದೂ ಅಲ್ಲದೆ ಡಬ್ಬಿಯ ಮೇಲಿನ ಲೆಕ್ಕ ನಯ ಮಾಡಿದ ಮರಕ್ಕೆ. ನನ್ನ ಒರಟು ಹಲಗೆ ಲೀಟರಿಗೆ 40 ಚದರ ಅಡಿ ಕೊಟ್ಟರೆ ಹೆಚ್ಚು. 120 ಅಡಿ ಬೇಲಿ ಮುಗಿಯುವಷ್ಟರಲ್ಲಿ ಡಬ್ಬಿ ತಳ ಕಂಡಿತು. ಮತ್ತೆ ತಂದ ಡಬ್ಬಿಯ ಬಣ್ಣ ಒಂದು ಗುಲಗಂಜಿ ಕೆಂಪು ಜಾಸ್ತಿ. ಈಗಲೂ ಹದಿನೈದನೇ ಕಂಬದ ಹತ್ತಿರ ಗೆರೆ ಎಳೆದ ಹಾಗೆ ಕಾಣುತ್ತದೆ. ಎಲ್ಲ ಡಬ್ಬಿ ಒಟ್ಟಿಗೆ ತಂದು, ದೊಡ್ಡ ಡ್ರಮ್ಮಿಗೆ ಸುರಿದು ಕಲಸಿಕೊಂಡು ಹೊರಡಿ. ಒರಟು ಮರ ಜಾಸ್ತಿ ಕುಡಿಯುತ್ತದೆ ಅಂತ ಬೇಸರ ಬೇಡ, ಜಾಸ್ತಿ ಕುಡಿದದ್ದೇ ಜಾಸ್ತಿ ಕಾಲ ಬಾಳುತ್ತದೆ.

ಮರ ಒಣಗಿದೆಯೋ ಇಲ್ಲವೋ ನೋಡುವುದು ಸುಲಭ. ಹಲಗೆ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ. ಕೆಲವೇ ನಿಮಿಷದಲ್ಲಿ ಇಂಗಿದರೆ ಎಣ್ಣೆಯೂ ಇಂಗುತ್ತದೆ. ಮಣಿಯ ಹಾಗೆ ನಿಂತರೆ ಒಂದೋ ಮರ ಹಸಿ, ಇಲ್ಲ ಮೇಲ್ಮೈ ತೀರಾ ನಯ. ಹಸಿಯಾದರೆ ಕಾಯಿರಿ, ನಯವಾದರೆ 60 ನಂಬರಿನ ಮರಳು ಕಾಗದದಲ್ಲಿ ಉಜ್ಜಿ. ಬೂದು ತಿರುಗಿದ ಹಳೆ ಹಲಗೆಯನ್ನೂ ಉಜ್ಜಲೇಬೇಕು. ಆ ಬೂದಿನ ಮೇಲೆ ಏನು ಬಳಿದರೂ ಧೂಳಿನ ಮೇಲೆ ಬಳಿದಂತೆ.

ಈಗ ಸ್ಪ್ರೇ ಯಂತ್ರದ ವಿಷಯ. ಎನಾಮೆಲ್ ಕಾಲದಲ್ಲಿ ನಾವೂ ಬಾಡಿಗೆಗೆ ತಂದಿದ್ದೆವು. ಗೋಡೆಗಾದರೆ ಅದು ರಾಜ. ಬೇಲಿಯಲ್ಲಿ ಹಲಗೆಗಿಂತ ಸಂದಿಯೇ ಜಾಸ್ತಿ, ಹೊಡೆದ ಬಣ್ಣದಲ್ಲಿ ಎಷ್ಟೋ ಪಾಲು ಸಂದಿಯಿಂದ ಆಚೆ ಹೋಗುತ್ತದೆ. ಅವತ್ತು ಬೆಳಿಗ್ಗೆ ಗಾಳಿ ಇರಲಿಲ್ಲ. ಹತ್ತು ಗಂಟೆಗೆ ಎದ್ದಿತು. ಆಚೆ ಬದಿಯಲ್ಲಿ ಮೇಯುತ್ತಿದ್ದ ನಮ್ಮ ಕಪ್ಪು ಹಸು ಸಂಜೆ ಕೊಟ್ಟಿಗೆಗೆ ಬಂದಾಗ ಎಡ ಮಗ್ಗುಲಿಗೆಲ್ಲ ಬಿಳಿ ಚುಕ್ಕಿ. ತಮ್ಮ ಅದಕ್ಕೆ ನಕ್ಷತ್ರ ಅಂತ ಹೆಸರಿಟ್ಟ, ಅದೇ ಉಳಿಯಿತು. ನಗುವ ವಿಷಯ ಅಲ್ಲ, ಬಣ್ಣ ಅದರ ಕಣ್ಣಿಗೆ ಬೀಳಲಿಲ್ಲ ಅನ್ನುವುದು ನಮ್ಮ ಪುಣ್ಯ.

ಯಂತ್ರದ ಇನ್ನೊಂದು ಗುಟ್ಟು ಬಾಡಿಗೆಗೆ ಕೊಟ್ಟವರು ಹೇಳಲಿಲ್ಲ. ಕಾರಿನ ಚಕ್ರದ ಗಾಳಿ 30ರಿಂದ 35 ಪಿಎಸ್‌ಐ. ಗಾಳಿಯಿಲ್ಲದ ಸ್ಪ್ರೇ, ಅಂದ್ರೆ ಏರ್‌ಲೆಸ್ ಯಂತ್ರದ ಒತ್ತಡ 2,000 ಪಿಎಸ್‌ಐ ದಾಟುತ್ತದೆ. ಮೂತಿಗೆ ಬೆರಳು ಅಡ್ಡ ಇಟ್ಟರೆ ಬಣ್ಣ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು, ಒಳಗೆ ಬೆರಳೇ ಹೋಗಬಹುದು. ನೋವಿಲ್ಲ ಅಂತ ಸುಮ್ನೆ ಕೂರದೆ ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು. ಮೂತಿ ಕಟ್ಟಿಕೊಂಡರೆ ಮೊದಲು ಒತ್ತಡ ಇಳಿಸಿ, ಆಮೇಲೆ ಕೈ ಹಾಕಿ.

ಸ್ಪ್ರೇ ಬೇಡವೇ ಬೇಡ ಅಂತ ಅಲ್ಲ. ಉದ್ದ ಬೇಲಿ ಇದ್ದರೆ ಒಬ್ಬರು ಸ್ಪ್ರೇ ಹಿಡಿದು ಮುಂದೆ ಹೋಗಲಿ, ಇನ್ನೊಬ್ಬರು ಬ್ರಷ್ ಹಿಡಿದು ಹಿಂದೆ ಬರಲಿ, ಹಸಿ ಇರುವಾಗಲೇ. ಸ್ಪ್ರೇ ಬಣ್ಣವನ್ನು ಮರದ ಮೇಲೆ ಕೂರಿಸುತ್ತದೆ, ಬ್ರಷ್ ಅದನ್ನು ಎಳೆಯೊಳಗೆ ತಳ್ಳುತ್ತದೆ. ನಾವು ಈಗ ಯಂತ್ರದ ಬದಲು ರೋಲರ್ ಇಟ್ಟುಕೊಂಡಿದ್ದೇವೆ, ಉದ್ದ ಕೂದಲಿನದು. ತಮ್ಮ ರೋಲರ್‌ನಲ್ಲಿ ಹಚ್ಚುತ್ತಾ ಹೋಗುತ್ತಾನೆ, ನಾನು ನಾಲ್ಕು ಇಂಚಿನ ಬ್ರಷ್‌ನಲ್ಲಿ ತಿಕ್ಕುತ್ತಾ ಬರುತ್ತೇನೆ. ಎಣ್ಣೆಯದಕ್ಕೆ ಹಂದಿ ಕೂದಲಿನ ಬ್ರಷ್, ನೀರಿನದಕ್ಕೆ ನೈಲಾನ್. ಅದಲುಬದಲಾದರೆ ಕೂದಲು ನೀರು ಕುಡಿದು ಪೊರಕೆ ಆಗುತ್ತದೆ. ಒಂದು ಹಲಗೆ ಹಿಡಿದರೆ ಈ ಕಂಬದಿಂದ ಆ ಕಂಬದ ತನಕ ನಿಲ್ಲಿಸಬಾರದು, ನಡುವೆ ಚಹಾಕ್ಕೆ ಎದ್ದರೆ ಎದ್ದ ಜಾಗದಲ್ಲಿ ಪಟ್ಟೆ ಬೀಳುತ್ತದೆ. ಕಾಲು ಗಂಟೆ ಬಿಟ್ಟು ಇಂಗದೆ ಉಳಿದದ್ದನ್ನು ಬಟ್ಟೆಯಲ್ಲಿ ಒರೆಸಿ, ಇಲ್ಲದಿದ್ದರೆ ವಾರಗಟ್ಟಲೆ ಅಂಟಂಟು. ಉರಿಬಿಸಿಲಲ್ಲಿ ಬಳಿಯಬೇಡಿ, ನೆರಳಿನ ಹಿಂದೆ ಹಿಂದೆ ಹೋಗಿ. ಇಬ್ಬನಿ ಬೀಳುವ ಎರಡು ಗಂಟೆ ಮೊದಲೇ ಬ್ರಷ್ ತೊಳೆದಿಡಿ.

ಹಲಗೆಯ ತುದಿ, ಅಂದರೆ ಗರಗಸ ಅಡ್ಡಕ್ಕೆ ಕೊಯ್ದ ಮುಖ, ಅದರ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇರಲಿಲ್ಲ. ಬೇಲಿ ಸಾಯುವುದು ಅಲ್ಲಿಂದಲೇ. ಒಂದು ಸಲ ಕೂತು ನೋಡಿ. ಬ್ರಷ್ ತುಂಬ ಎಣ್ಣೆ ಅದ್ದಿ ತುದಿಗೆ ಇಟ್ಟರೆ ಕೆಲವೇ ಕ್ಷಣದಲ್ಲಿ ಹೊಳಪು ಮಾಯ, ಮರ ಮತ್ತೆ ಬರಡು ಕಾಣುತ್ತದೆ. ಇನ್ನೊಮ್ಮೆ ಇಟ್ಟರೆ ಅದೂ ಮಾಯ. ಮೂರನೇ ಸಲಕ್ಕೆ ಸ್ವಲ್ಪ ನಿಧಾನ. ನಾಲ್ಕನೇ ಸಲ ಎಣ್ಣೆ ಮೇಲೇ ನಿಲ್ಲುತ್ತದೆ, ಸಾಕು ಅಂದ ಹಾಗೆ. ಮರಕ್ಕೆ ಜೀವ ಇದ್ದಾಗ ಬೇರಿನಿಂದ ನೀರು ಏರುತ್ತಿದ್ದ ಕೊಳವೆಗಳ ಬಾಯಿ ಅದು. ಎಣ್ಣೆ ಇಷ್ಟು ಕುಡಿಯುವ ಬಾಯಿ ಮಳೆ ನೀರನ್ನು ಬಿಡುತ್ತದಾ? ಅದಕ್ಕೇ ಹಲಗೆಯನ್ನು ಕಂಬಕ್ಕೆ ಹೊಡೆಯುವ ಮುಂಚೆಯೇ ಎರಡೂ ತುದಿ ಬಕೆಟ್ಟಿಗೆ ಅದ್ದಿಡಿ. ಹೊಡೆದ ಮೇಲೆ ಅಲ್ಲಿಗೆ ಬ್ರಷ್ ಹೋಗುವುದಿಲ್ಲ. ಕಂಬದ ತಲೆಯನ್ನು ಚಪ್ಪಟೆ ಬಿಡದೆ ಓರೆಯಾಗಿ ಕೊಯ್ಯಿರಿ, ನೀರು ನಿಲ್ಲದಿರಲಿ.

ಕಂಬದ ಬುಡಕ್ಕೆ ಯಾವ ಬಣ್ಣವೂ ಪರಿಹಾರ ಅಲ್ಲ. ನೆಲಮಟ್ಟದಲ್ಲಿ ಮಣ್ಣಿನ ತೇವವೂ ಇದೆ, ಗಾಳಿಯೂ ಇದೆ, ಕೊಳೆಯಲು ಎರಡೂ ಬೇಕು. ಅದಕ್ಕೇ ಆಳದಲ್ಲಿ ಗಟ್ಟಿಯಿರುವ ಕಂಬ ಅಲ್ಲೇ ಮುರಿಯುತ್ತದೆ. ಕಾರ್ಖಾನೆಯಲ್ಲಿ ಒತ್ತಡ ಹಾಕಿ ಔಷಧಿ ಕುಡಿಸಿದ ಕಂಬ ಕೊಳ್ಳಿ, ಕೆಳಗೆ ಜಲ್ಲಿ ಹಾಕಿ, ಮಣ್ಣನ್ನು ಕಂಬದಿಂದ ಹೊರಕ್ಕೆ ಇಳಿಜಾರು ಮಾಡಿ.

ಹಳೆ ಬೇಲಿ ಕೆರೆಯುವವರಿಗೆ ಒಂದು ಮಾತು. ಹಳೆ ಕಾಲದ ಬಣ್ಣದಲ್ಲಿ ಸೀಸ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆ ಬಣ್ಣಕ್ಕೆ ಹೇಳುವ ಮಿತಿ 90 ಪಿಪಿಎಂ, ಅಂದ್ರೆ ಹತ್ತು ಲಕ್ಷದಲ್ಲಿ 90 ಪಾಲು, ಹಳೆಯವು ಇದನ್ನು ಎಷ್ಟೋ ಪಟ್ಟು ಮೀರಿರುತ್ತವೆ. ಕರುಗಳಿಗೆ ಕಂಡದ್ದನ್ನೆಲ್ಲ ನೆಕ್ಕುವ ಚಾಳಿ, ಸುಲಿದ ಬಣ್ಣ ತಿಂದರೆ ಕಣ್ಣು ಕಾಣದೆ ಒದ್ದಾಡಿ ಸಾಯುತ್ತವೆ. ಒಣ ಬಣ್ಣ ಉಜ್ಜಿ ಧೂಳೆಬ್ಬಿಸಬೇಡಿ. ನೀರು ಚಿಮುಕಿಸಿ ಕೆರೆಯಿರಿ, ಕೆಳಗೆ ಪ್ಲಾಸ್ಟಿಕ್ ಹಾಸಿ ಚೂರು ಚೂರೂ ಬಾಚಿಕೊಳ್ಳಿ.

ಕೊನೆಯದಾಗಿ ಚಿಂದಿ ಬಟ್ಟೆಯ ವಿಷಯ. ಈ ಪತ್ರ ಬರೆಯಲು ಕೂತದ್ದೇ ಅದಕ್ಕೆ. ಲೇಖನದ ಕೊನೆಗೆ ಗೇಟಿಗೆ ಅಗಸೆ ಎಣ್ಣೆಯನ್ನು ಬಟ್ಟೆಯಲ್ಲಿ ಉಜ್ಜಿ ಅಂತ ಹೇಳಿ ಬಿಟ್ಟಿದ್ದಾರೆ. ಆ ಬಟ್ಟೆಯನ್ನು ಏನು ಮಾಡಬೇಕು ಅಂತ ಹೇಳಿಲ್ಲ. ನಾನು ಒಂದು ಸಂಜೆ ಎಣ್ಣೆ ಒರೆಸಿದ ಐದಾರು ಬಟ್ಟೆಯನ್ನು ಮುದುಡಿ ಪ್ಲಾಸ್ಟಿಕ್ ಬುಟ್ಟಿಗೆ ಹಾಕಿ ಹುಲ್ಲಿನ ಕೋಣೆಯ ಬಾಗಿಲಲ್ಲಿ ಇಟ್ಟು ಸ್ನಾನಕ್ಕೆ ಹೋದೆ. ರಾತ್ರಿ ಊಟಕ್ಕೆ ಕೂತಾಗ ತಮ್ಮ ಏನೋ ಕಮಟು ವಾಸನೆ ಅಂದ. ಹೋಗಿ ನೋಡಿದರೆ ಬುಟ್ಟಿಯ ತಳ ಕರಗಿ ನೆಲಕ್ಕೆ ಅಂಟಿತ್ತು. ಬಟ್ಟೆ ಮುಟ್ಟಲಾಗದಷ್ಟು ಬಿಸಿ, ನಡುವೆ ಕಪ್ಪಗೆ ಸೀದು ಹೊಗೆ ಬಿಡುತ್ತಿತ್ತು. ಯಾರೂ ಬೆಂಕಿ ಹಚ್ಚಿರಲಿಲ್ಲ. ಅಗಸೆ ಎಣ್ಣೆ ಒಣಗುವುದೆಂದರೆ ಗಾಳಿಯ ಆಮ್ಲಜನಕದ ಜೊತೆ ಸೇರುವುದು, ಸೇರುವಾಗ ಶಾಖ ಹುಟ್ಟುತ್ತದೆ. ಹಲಗೆಯ ಮೇಲಾದರೆ ಆ ಶಾಖ ಗಾಳಿಗೆ ಹೋಗುತ್ತದೆ, ಮುದುಡಿದ ಬಟ್ಟೆಯಲ್ಲಿ ಒಳಗೇ ಕೂಡಿಕೊಂಡು ತಾನಾಗಿ ಹೊತ್ತಿಕೊಳ್ಳುತ್ತದೆ. ಎಣ್ಣೆಯ ಸ್ಟೇನ್ ಒರೆಸಿದ ಬಟ್ಟೆಗೂ ಇದೇ ಗತಿ. ಈಗ ನಾನು ಪ್ರತಿ ಬಟ್ಟೆಯನ್ನೂ ಬಿಡಿಸಿ, ಹೊರಗೆ ಬೇಲಿಯ ಮೇಲೆ ಒಂದೊಂದಾಗಿ ಹರಡುತ್ತೇನೆ. ಬಿರುಸಾಗಿ ಒಣಗಿದ ಮೇಲೇ ಕಸಕ್ಕೆ. ಹರಡಲು ಜಾಗ ಇಲ್ಲದಿದ್ದರೆ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಳ ಹಾಕುತ್ತೇನೆ.

ಪತ್ರ ಉದ್ದವಾಯಿತು, ಗೊತ್ತು. ಜಾಗ ಸಾಲದಿದ್ದರೆ ಹಸು, ಕಂಬ, ಲೀಟರ್ ಲೆಕ್ಕ ಎಲ್ಲ ಕತ್ತರಿಸಿ. ಚಿಂದಿ ಬಟ್ಟೆಯದನ್ನು ಮಾತ್ರ ದಯವಿಟ್ಟು ಹಾಕಿ, ಈ ವಾರವೇ ಹಾಕಿ. ಆ ಲೇಖನ ಓದಿ ಯಾರೋ ಈಗಾಗಲೇ ಎಣ್ಣೆ ತಂದಿರಬಹುದು.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು